ಹಳೆಯ ತ್ರೀ ನಾಟ್ ತ್ರೀ ಕೊಳ್ಳುವ ಮುನ್ನ

ಅಮೆರಿಕದ ಗನ್ ಶೋಗಳಲ್ಲಿ ಹಳೆಯ ಸೇನಾ ಸಾಮಾನಿನ ಮೇಜುಗಳ ನಡುವೆ ಎಲ್ಲಾದರೂ ಒಂದು ಕಡೆ ಲೀ-ಎನ್‌ಫೀಲ್ಡ್ ರೈಫಲ್ ಕಣ್ಣಿಗೆ ಬೀಳುತ್ತದೆ. ನಮ್ಮವರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಊರಿನ ಠಾಣೆಯ ಪೇದೆಯ ಹೆಗಲಲ್ಲಿ, ಎನ್‌ಸಿಸಿ ಶಿಬಿರದಲ್ಲಿ, ಖಜಾನೆಯ ಕಾವಲಿನಲ್ಲಿ ಕಂಡ ಅದೇ ತ್ರೀ ನಾಟ್ ತ್ರೀ. ಹತ್ತಿರ ಹೋಗಿ ನೋಡಿದರೆ ಬೋಲ್ಟಿನ ಹಿಂದಿನ ಉಕ್ಕಿನ ಪಟ್ಟಿಯ ಮೇಲೆ ಅಶೋಕ ಸ್ತಂಭದ ಸಿಂಹಗಳು, ಅಲ್ಲೇ ‘ಆರ್.ಎಫ್.ಐ.’ ಎಂಬ ಮೂರಕ್ಷರ. ಬಂಗಾಳದ ಇಷಾಪುರದಲ್ಲಿ ತಯಾರಾದ ಕೋವಿ ಟೆಕ್ಸಾಸಿನಲ್ಲೋ ಓಹಿಯೋದಲ್ಲೋ ಮಾರಾಟಕ್ಕೆ ಕೂತಿದೆ. ಮನೆಯಲ್ಲಿ ಕೋವಿ ಪೂಜೆ ನೋಡಿ ಬೆಳೆದ ಕೊಡಗಿನವರಿಗಂತೂ ಅದನ್ನು ಬಿಟ್ಟು ಮುಂದೆ ಹೋಗಲು ಕಾಲೇ ಬರುವುದಿಲ್ಲ.

ತೊಂದರೆ ಶುರುವಾಗುವುದು ಅಲ್ಲಿಂದಲೇ. ಮಾರುವವನು ಬರ್ಮಾ ಯುದ್ಧದ ಕಥೆ ಹೇಳುತ್ತಾನೆ, ಕೊಳ್ಳುವವನು ಕರಗುತ್ತಾನೆ. ಮನೆಗೆ ತಂದ ಮೇಲೆ ನಳಿಗೆ ತುಕ್ಕು ತಿಂದಿದೆ, ಬೋಲ್ಟ್ ಬೇರೆ ರೈಫಲ್ಲಿನದು, ಮರ ಸೀಳಿದೆ ಎಂಬುದೆಲ್ಲ ಒಂದೊಂದಾಗಿ ಹೊರಬೀಳುತ್ತದೆ. ಈಡು ಹಾರಿಸಿದ ಮೇಲೆ ಗೊತ್ತಾದರೆ ಕಣ್ಣಿಗೇ ಅಪಾಯ. ಆದ್ದರಿಂದ ಈ ಲೇಖನದ ಉದ್ದಕ್ಕೂ ನಾನು ಒತ್ತಿ ಹೇಳುವುದು ಒಂದೇ ಮಾತು: ಕಥೆಗೆ ದುಡ್ಡು ಕೊಡಬೇಡಿ, ಕಣ್ಣಿಗೆ ಕಾಣುವ ಉಕ್ಕು ಮತ್ತು ಮರಕ್ಕೆ ಮಾತ್ರ ಕೊಡಿ. ಅವುಗಳನ್ನು ನೋಡುವ ಕ್ರಮ ಗೊತ್ತಿದ್ದರೆ ಕಾಲು ಗಂಟೆಯಲ್ಲಿ ರೈಫಲ್ಲಿನ ಯೋಗ್ಯತೆ ತಿಳಿಯುತ್ತದೆ.

ಇದು ಯಾವ ರೈಫಲ್?

ಜೇಮ್ಸ್ ಪ್ಯಾರಿಸ್ ಲೀ ರೂಪಿಸಿದ ಬೋಲ್ಟ್ ಮತ್ತು ಮ್ಯಾಗಜಿನ್, ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡ್ ಸರ್ಕಾರಿ ಕಾರ್ಖಾನೆಯ ನಳಿಗೆ, ಇವೆರಡೂ 1895ರಲ್ಲಿ ಒಂದಾದಾಗ ಲೀ-ಎನ್‌ಫೀಲ್ಡ್ ಎಂಬ ಹೆಸರು ಬಂತು. 1907ರ ಮಾರ್ಕ್ 3 ಮತ್ತು ಮೊದಲ ಮಹಾಯುದ್ಧದ ನಡುವೆ ಅದನ್ನೇ ಸರಳಗೊಳಿಸಿದ ಮಾರ್ಕ್ 3 ಸ್ಟಾರ್, ಇವೇ ಇಷಾಪುರದಲ್ಲಿ ದಶಕಗಟ್ಟಲೆ ತಯಾರಾದವು. ಎರಡನೇ ಮಹಾಯುದ್ಧದ ಹೊತ್ತಿಗೆ ಇನ್ನೂ ದಪ್ಪ ನಳಿಗೆಯ ನಂ. 4 ಬಂತು. ಅದನ್ನು ಇಂಗ್ಲೆಂಡಿನಲ್ಲಷ್ಟೇ ಅಲ್ಲ, ಕೆನಡಾದ ಲಾಂಗ್ ಬ್ರಾಂಚ್‌ನಲ್ಲಿ, ಅಮೆರಿಕದ ಸ್ಯಾವೇಜ್ ಕಂಪನಿಯಲ್ಲಿಯೂ ಮಾಡಿದರು. 1962ರ ಚೀನಾ ಯುದ್ಧದ ನಂತರ ಇಷಾಪುರ ಅದೇ ಹಳೆಯ ಮಾರ್ಕ್ 3ರ ಮಾದರಿಯನ್ನು ಇನ್ನೂ ಗಟ್ಟಿ ಉಕ್ಕಿನಲ್ಲಿ, 7.62 ಮಿಲಿಮೀಟರ್ ತೋಟಾಕ್ಕೆ ಹೊಂದಿಸಿ ತಯಾರಿಸಿತು. ಅವೇ 2ಎ ಮತ್ತು 2ಎ1. ಅಮೆರಿಕದ ಮಾರುಕಟ್ಟೆಯಲ್ಲಿ ನಮ್ಮ ದೇಶದ ಹೆಸರು ಹೊತ್ತು ನಿಂತಿರುವುದು ಹೆಚ್ಚಾಗಿ ಇವು.

ಮೊದಲು ಕಾನೂನು, ಆಮೇಲೆ ರೈಫಲ್

ಬಹಳ ಮಂದಿ ಇದನ್ನು ಕೊನೆಗೆ ವಿಚಾರಿಸುತ್ತಾರೆ. ಹಾಗೆ ಮಾಡಬೇಡಿ. ಎಚ್-1ಬಿ, ಎಲ್-1, ಎಫ್-1ರಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ರಾಜ್ಯವೊಂದು ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ವಕೀಲರನ್ನು ಕೇಳದೆ ಅವುಗಳ ಮೇಲೆ ಭಾರ ಹಾಕಬೇಡಿ. ಗೆಳೆಯನ ರೈಫಲ್ಲನ್ನು ರೇಂಜಿನಲ್ಲಿ ಒಮ್ಮೆ ಕೈಗೆ ತೆಗೆದುಕೊಂಡರೂ ಅದು ‘ಇಟ್ಟುಕೊಳ್ಳುವಿಕೆ’ ಎಂದೇ ಲೆಕ್ಕಕ್ಕೆ ಬರಬಹುದು. ಈ ನಿಯಮ ಮುರಿದರೆ 15 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ವೀಸಾ, ಗ್ರೀನ್ ಕಾರ್ಡಿನ ಕನಸು ಎಲ್ಲವೂ ಅದರ ಜೊತೆಗೇ ಹೋಗುತ್ತವೆ.

ಗ್ರೀನ್ ಕಾರ್ಡ್ ಇದ್ದವರು ಮತ್ತು ನಾಗರಿಕರು ಕೊಳ್ಳಬಹುದು. ಆದರೆ ಒಂದೇ ಮನೆಯಲ್ಲಿ ಒಬ್ಬರಿಗೆ ಗ್ರೀನ್ ಕಾರ್ಡ್, ಇನ್ನೊಬ್ಬರಿಗೆ ಇನ್ನೂ ವೀಸಾ ಇದ್ದರೆ ವಿಶೇಷ ಎಚ್ಚರ ಬೇಕು. ಹೆಂಡತಿಯ ಹೆಸರಿನಲ್ಲಿ ಗಂಡನಿಗಾಗಿ ಕೊಳ್ಳುವುದು ಅಪರಾಧ. ನ್ಯಾಯವಾಗಿ ಕೊಂಡದ್ದೇ ಆದರೂ ವೀಸಾದಲ್ಲಿರುವವರ ಕೈಗೆ ಪೆಟ್ಟಿಗೆಯ ಬೀಗದ ಕೈ ಸಿಗುವಂತಿರಬಾರದು. ಇದನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಕೊಳ್ಳುವ ಸಾಮಾನ್ಯ ದಾರಿ ಪರವಾನಗಿ ಇರುವ ಡೀಲರ್. ಅಲ್ಲಿ 4473 ಎಂಬ ನಮೂನೆ ತುಂಬಬೇಕು, ಎಫ್‌ಬಿಐ ಮೂಲಕ ಹಿನ್ನೆಲೆ ಪರಿಶೀಲನೆ ಆಗುತ್ತದೆ. ಹಳೆಯ ರೈಫಲ್ಲುಗಳಲ್ಲೇ ಆಸಕ್ತಿ ಇದ್ದರೆ ‘ಕ್ಯೂರಿಯೊ ಆಂಡ್ ರೆಲಿಕ್’ ಎಂಬ ಸಂಗ್ರಾಹಕರ ಪರವಾನಗಿ ಪಡೆಯಬಹುದು. 21 ವರ್ಷ ತುಂಬಿದವರಿಗೆ ಮೂರು ವರ್ಷಕ್ಕೆ 30 ಡಾಲರ್ ಶುಲ್ಕ. 50 ವರ್ಷ ದಾಟಿದ, ಮೂಲರೂಪದಲ್ಲಿರುವ ಬಂದೂಕುಗಳನ್ನು ನೇರವಾಗಿ ಮನೆ ಬಾಗಿಲಿಗೆ ತರಿಸಿಕೊಳ್ಳಬಹುದು, ಪ್ರತಿಯೊಂದನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕು. ಇದರ ಮೇಲೆ ರಾಜ್ಯದ ಕಾನೂನು ಬೇರೆ. ನ್ಯೂಜೆರ್ಸಿಯಲ್ಲಿ ಖರೀದಿದಾರರ ಗುರುತಿನ ಚೀಟಿ, ಇಲಿನಾಯಿಯಲ್ಲಿ ಫಾಯ್ಡ್ ಕಾರ್ಡ್ ಬೇಕು. ಕ್ಯಾಲಿಫೋರ್ನಿಯಾದಲ್ಲಿ ತೋಟಾ ಕೊಳ್ಳಲೂ ಪರಿಶೀಲನೆ ಇದೆ. ನಮ್ಮವರು ಹೆಚ್ಚಾಗಿ ಇರುವುದೂ ಇಂಥ ರಾಜ್ಯಗಳಲ್ಲೇ ಆದ್ದರಿಂದ ಪಕ್ಕದ ರಾಜ್ಯದ ಗೆಳೆಯ ಹೇಳಿದ್ದನ್ನು ನಂಬಿ ಹೊರಡಬೇಡಿ. ಕೆನಡಾ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಇರುವವರು ಮೊದಲೇ ಪರವಾನಗಿ ಪಡೆದಿರಬೇಕು.

ಉಕ್ಕಿನ ಪಟ್ಟಿ ಏನು ಹೇಳುತ್ತದೆ

ಮಾರ್ಕ್ 3 ರೈಫಲ್ಲನ್ನು ಎಡಗೈಯಲ್ಲಿ ಹಿಡಿದು ಬಲಬದಿ ನಿಮ್ಮ ಕಡೆ ತಿರುಗಿಸಿ. ಹಿಂಬದಿಯ ಮರ ಉಕ್ಕಿಗೆ ಸೇರುವ ಜಾಗದಲ್ಲಿ ಒಂದು ಪಟ್ಟಿ ಇದೆ. ಸ್ವಾತಂತ್ರ್ಯಪೂರ್ವದ ಇಷಾಪುರದ ರೈಫಲ್ಲಾದರೆ ಅದರ ಮೇಲೆ ಮೇಲಿನಿಂದ ಕೆಳಗೆ ಹೀಗಿರುತ್ತದೆ: ಕಿರೀಟ, ‘ಜಿ.ಆರ್.ಐ.’ ಅಂದರೆ ಚಕ್ರವರ್ತಿ ಜಾರ್ಜ್‌ನ ಮುದ್ರೆ, ಇಷಾಪುರದ ಹೆಸರು, ತಯಾರಾದ ವರ್ಷ, ‘ಎಸ್‌ಎಚ್‌ಟಿ ಎಲ್.ಇ.’ ಎಂಬ ಅಕ್ಷರಗಳು, ಕೊನೆಗೆ ಮಾರ್ಕ್ ಸಂಖ್ಯೆ. ಗಣರಾಜ್ಯವಾದ ಮೇಲೆ ಕಿರೀಟದ ಜಾಗಕ್ಕೆ ಸಿಂಹಗಳು ಬಂದವು. 2ಎ1ರಲ್ಲಿ 7.62 ಎಂಬ ಅಂಕಿ ಸ್ಪಷ್ಟವಾಗಿ ಕಾಣುತ್ತದೆ. ಇನ್ನೊಂದು ಗುರುತು ಮ್ಯಾಗಜಿನ್: .303ರದ್ದು ತಳದಲ್ಲಿ ಓರೆಯಾಗಿ 10 ತೋಟಾ ಹಿಡಿದರೆ, 7.62ರದ್ದು ಚೌಕಾಕಾರದ್ದು, 12 ತೋಟಾದ್ದು. ಪಟ್ಟಿಯ ಅಂಕಿಯೂ ಮ್ಯಾಗಜಿನ್ನಿನ ಆಕಾರವೂ ಹೊಂದದಿದ್ದರೆ ಅಲ್ಲೇ ನಿಲ್ಲಿಸಿ, ಯಾವ ತೋಟಾ ಎಂದು ಬಂದೂಕು ರಿಪೇರಿಯವರಿಂದ ಖಚಿತಪಡಿಸಿಕೊಳ್ಳಿ.

ನಂತರ ನಂಬರುಗಳು. ನಳಿಗೆ ಕೂರುವ ಉಕ್ಕಿನ ಬಳೆಯ ಬಲಬದಿಯಲ್ಲಿ ಒಂದು ನಂಬರ್, ಬೋಲ್ಟಿನ ಹಿಡಿಯ ಹಿಂದೆ ಇನ್ನೊಂದು, ನಳಿಗೆಯ ಮೇಲೊಂದು, ಮುಂಭಾಗದ ಉಕ್ಕಿನ ಮೂತಿಯಲ್ಲಿ, ಮರದಲ್ಲಿ ಮತ್ತೆ ಅದೇ. ಎಲ್ಲವೂ ಹೊಂದಿದರೆ ಬೆಲೆ ಹೆಚ್ಚು. ಮರದ ನಂಬರ್ ಬೇರೆಯಾದರೆ ನನಗೇನೂ ಚಿಂತೆಯಿಲ್ಲ. ಅರ್ಧ ಶತಮಾನ ಸೇವೆ ಮಾಡಿದ ರೈಫಲ್ಲಿಗೆ ಹೊಸ ಮರ ಹಾಕುವುದು ಸಹಜ. ಬೋಲ್ಟಿನ ನಂಬರ್ ಬೇರೆಯಾದರೆ ಮಾತ್ರ ಚಿಂತೆ ಮಾಡಬೇಕು. ಏಕೆಂದರೆ ಕಾರ್ಖಾನೆಯಲ್ಲಿ ಆಯಾ ಬೋಲ್ಟನ್ನು ಆಯಾ ರೈಫಲ್ಲಿಗೇ ಉಜ್ಜಿ ಕೂರಿಸುತ್ತಿದ್ದರು. ಎರಡೂ ಬದಿಯ ಬೀಗದ ಹಲ್ಲುಗಳು ಸಮವಾಗಿ ಒರಗಿದರೆ ಮಾತ್ರ ಸ್ಫೋಟದ ಒತ್ತಡ ಸಮವಾಗಿ ಹಂಚಿಹೋಗುತ್ತದೆ.

ಪಟ್ಟಿಯ ಮೇಲೋ ಉಕ್ಕಿನ ಬಳೆಯ ಮೇಲೋ ‘ಡಿ.ಪಿ.’ ಎಂದಿದ್ದರೆ ಅದು ಕವಾಯತಿಗೆ ಮಾತ್ರ ಬಳಸಿದ ರೈಫಲ್. ಗೋಡೆಗೆ ತೂಗುಹಾಕಲು ಕೊಳ್ಳಬಹುದು, ಈಡು ಹಾರಿಸಲು ಖಂಡಿತ ಬೇಡ. ಮುಂಭಾಗದ ಮರಕ್ಕೆ ತಾಮ್ರದ ತಂತಿ ಬಿಗಿಯಾಗಿ ಸುತ್ತಿದ್ದರೆ ಅದು ಗ್ರೆನೇಡ್ ಎಸೆಯಲು ಬಳಸಿದ್ದು. ಅಂಥ ಪೆಟ್ಟು ತಿಂದ ರೈಫಲ್ಲಿನಿಂದ ಸಾಮಾನ್ಯ ತೋಟಾ ಹಾರಿಸಲು ನಾನು ಯಾರಿಗೂ ಸಲಹೆ ಕೊಡುವುದಿಲ್ಲ. ಪೊಲೀಸರಿಗಾಗಿ ಇಷಾಪುರ ನಳಿಗೆಯನ್ನು ನುಣುಪಾಗಿ ಕೊರೆದು .410 ಛರ್ರೆ ಕೋವಿಯಾಗಿ ಬದಲಿಸಿದ ಮಸ್ಕೆಟ್‌ಗಳೂ ಅಮೆರಿಕಕ್ಕೆ ಬಂದಿವೆ. ಹೊರಗಿನಿಂದ ಅದು ಥೇಟ್ ತ್ರೀ ನಾಟ್ ತ್ರೀಯೇ. ಮ್ಯಾಗಜಿನ್ ಜಾಗದಲ್ಲಿ ಮರದ ತುಂಡು ಕಂಡರೆ, ನಳಿಗೆಯೊಳಗೆ ಸುರುಳಿ ಗೆರೆಗಳು ಇಲ್ಲದಿದ್ದರೆ ಅದೇ ಇದು.

ಹೆಡ್‌ಸ್ಪೇಸ್: ಇದೊಂದನ್ನು ಅರ್ಥ ಮಾಡಿಕೊಳ್ಳಿ

.303 ತೋಟಾದ ಬುಡದಲ್ಲಿ ಹೊರಚಾಚಿದ ಅಂಚು ಇರುತ್ತದೆ. ತೋಟಾ ನಳಿಗೆಯೊಳಗೆ ಮುಂದೆ ಸರಿಯದಂತೆ ತಡೆಯುವುದು ಆ ಅಂಚು, ಹಿಂದೆ ಬರದಂತೆ ಹಿಡಿಯುವುದು ಬೋಲ್ಟಿನ ತಲೆ. ಇವೆರಡರ ನಡುವೆ ಅಂಚಿಗೆ ಸಿಗುವ ಜಾಗವೇ ಹೆಡ್‌ಸ್ಪೇಸ್. ಈಡು ಹಾರಿದಾಗ ಒತ್ತಡಕ್ಕೆ ಹಿತ್ತಾಳೆಯ ಕೋಶದ ಮೈ ನಳಿಗೆಯ ಗೋಡೆಗೆ ಅಂಟಿಕೊಳ್ಳುತ್ತದೆ, ಬುಡ ಮಾತ್ರ ಹಿಂದಕ್ಕೆ ಸರಿಯುತ್ತದೆ. ಜಾಗ ಹೆಚ್ಚಿದ್ದಷ್ಟೂ ಬುಡ ಹೆಚ್ಚು ದೂರ ಸರಿದು, ಅದರ ಸ್ವಲ್ಪ ಮೇಲೆ ಹಿತ್ತಾಳೆ ತೆಳ್ಳಗಾಗುತ್ತದೆ. ಕೊನೆಗೊಮ್ಮೆ ಕೋಶ ಎರಡು ತುಂಡಾಗಿ, ಬಿಸಿ ಅನಿಲ ಬೋಲ್ಟಿನ ಕಡೆ, ಅಂದರೆ ನಿಮ್ಮ ಮುಖದ ಕಡೆ ನುಗ್ಗುತ್ತದೆ. ಲೀ-ಎನ್‌ಫೀಲ್ಡಿನ ಬೀಗದ ಹಲ್ಲುಗಳು ಬೋಲ್ಟಿನ ಹಿಂಭಾಗದಲ್ಲಿವೆ. ವರ್ಷಗಟ್ಟಲೆ ಹಾರಿಸಿದ ಮೇಲೆ ಉಕ್ಕು ಸವೆದು ಈ ಜಾಗ ನಿಧಾನವಾಗಿ ದೊಡ್ಡದಾಗುತ್ತದೆ.

ಅದನ್ನು ಅಳೆಯಲು ಗೇಜ್ ಎಂಬ ಉಕ್ಕಿನ ಬಿಲ್ಲೆಗಳಿವೆ. 0.064 ಇಂಚಿನ ‘ಗೋ’ ಗೇಜ್ ಹಾಕಿದಾಗ ಬೋಲ್ಟ್ ಸರಾಗವಾಗಿ ಮುಚ್ಚಬೇಕು. ಅಮೆರಿಕದ ವಾಣಿಜ್ಯ ಮಾನದಂಡದಲ್ಲಿ 0.067 ‘ನೋ-ಗೋ’, 0.070 ‘ಫೀಲ್ಡ್’. ಬ್ರಿಟಿಷ್ ಸೇನೆ 0.074ರವರೆಗೆ ಒಪ್ಪಿಕೊಳ್ಳುತ್ತಿತ್ತು. ನನ್ನ ಲೆಕ್ಕದಲ್ಲಿ 0.070ರ ಮೇಲೆ ಬೋಲ್ಟ್ ಮುಚ್ಚಿದರೆ ಬೆಲೆ ಇಳಿಸಲು ಕೇಳಿ, 0.074ರ ಮೇಲೂ ಮುಚ್ಚಿದರೆ ರೈಫಲ್ ಕೆಳಗಿಟ್ಟು ಬನ್ನಿ. ಗೇಜ್ ಹಾಕುವಾಗ ಬೆರಳ ತುದಿಯಿಂದ ಮಾತ್ರ ಬೋಲ್ಟ್ ಇಳಿಸಬೇಕು. ಒತ್ತಿ ಮುಚ್ಚಿದರೆ ಯಾವ ರೈಫಲ್ಲೂ ‘ಫೇಲ್’ ಆಗುತ್ತದೆ, ಗೇಜೂ ಹಾಳಾಗುತ್ತದೆ.

ನಂ. 4ರಲ್ಲಿ ಬೋಲ್ಟಿನ ತಲೆಯ ಮೇಲೆ 0, 1, 2, 3 ಎಂಬ ಅಂಕಿಗಳಲ್ಲಿ ಒಂದಿರುತ್ತದೆ. ಅಂಕಿ ಹೆಚ್ಚಿದಂತೆ ತಲೆ ಉದ್ದ. ಸವೆದ ರೈಫಲ್ಲಿಗೆ ದೊಡ್ಡ ಅಂಕಿಯ ತಲೆ ಹಾಕಿ ಜಾಗ ಸರಿಪಡಿಸುತ್ತಿದ್ದರು. 3 ಕಂಡರೆ ಹೆದರಬೇಕಿಲ್ಲ, ಆದರೆ ಮುಂದೆ ಸರಿಪಡಿಸಲು ಇನ್ನು ಅಂಕಿ ಉಳಿದಿಲ್ಲ ಎಂಬುದು ನೆನಪಿರಲಿ. 7.62ರ ಇಷಾಪುರ ರೈಫಲ್ಲುಗಳಿಗೆ ಈ ಗೇಜ್‌ಗಳು ಬರುವುದಿಲ್ಲ. ಆ ತೋಟಾದ ಬುಡದಲ್ಲಿ ಹೊರಚಾಚಿದ ಅಂಚಿಲ್ಲ, ಅದು ಕೋಶದ ಕತ್ತಿನ ಕೆಳಗಿನ ಇಳಿಜಾರಿನ, ಅಂದರೆ ‘ಹೆಗಲಿನ’ ಮೇಲೆ ನಿಲ್ಲುವಂಥದ್ದು. ಅದಕ್ಕೆ 7.62 ನೇಟೋ ಗೇಜನ್ನೇ ಕೇಳಿ.

ಇಲ್ಲಿ ಒಂದು ಗೊಂದಲ ಹಲವರಿಗಿದೆ. ಹಾರಿಸಿದ .303 ಕೋಶವನ್ನು ನೋಡಿ, ಹೆಗಲು ಮುಂದೆ ಸರಿದಿದೆ, ಹೆಡ್‌ಸ್ಪೇಸ್ ಕೆಟ್ಟಿದೆ ಎನ್ನುತ್ತಾರೆ. ಹಾಗಲ್ಲ. ಕಂದಕದ ಕೆಸರು ಮೆತ್ತಿದ ತೋಟಾ ಕೂಡ ಒಳಗೆ ಹೋಗಲಿ ಎಂದು ನಳಿಗೆಯ ಕೋಣೆಯನ್ನು ಬೇಕೆಂದೇ ಸಡಿಲವಾಗಿ ಕೊರೆದಿದ್ದಾರೆ. ಹೆಗಲು ಸರಿಯುವುದು ಮಾಮೂಲು. ನೀವು ನೋಡಬೇಕಾದದ್ದು ಬುಡದ ಮೇಲಿನ ಹೊಳೆಯುವ ಉಂಗುರದಂಥ ಗೆರೆ. ಅದು ಕಂಡರೆ ಕೋಶ ಸೀಳುವ ಹಾದಿಯಲ್ಲಿದೆ.

ಮೇಜಿನ ಮುಂದೆ ಮಾಡುವ ಪರೀಕ್ಷೆ

ಜೇಬಿನಲ್ಲಿ ಒಂದು ಸಣ್ಣ ಟಾರ್ಚ್, ಬಿಳಿ ಕಾಗದದ ತುಂಡು, ಡಮ್ಮಿ ತೋಟಾ, ಸಾಧ್ಯವಾದರೆ ಗೇಜ್ ಇಟ್ಟುಕೊಂಡು ಹೋಗಿ. ಗನ್ ಶೋಗಳಲ್ಲಿ ಬೋಲ್ಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿರುತ್ತಾರೆ. ಬಿಚ್ಚಲು ಮಾರುವವರನ್ನೇ ಕೇಳಿ. ಬೋಲ್ಟ್ ಎಳೆಯುವ ಮುನ್ನ, ಟ್ರಿಗರ್ ಒತ್ತುವ ಮುನ್ನ ಅನುಮತಿ ಕೇಳುವುದು ಅಲ್ಲಿನ ಮರ್ಯಾದೆ. ಗಂಭೀರವಾಗಿ ಕೊಳ್ಳುವವರು ಎಂಬುದೂ ಅವರಿಗೆ ಆಗಲೇ ತಿಳಿಯುತ್ತದೆ.

1. ಮೂತಿಯನ್ನು ಯಾರ ಕಡೆಗೂ ತಿರುಗಿಸದೆ ಬೋಲ್ಟ್ ತೆರೆಯಿರಿ, ಮ್ಯಾಗಜಿನ್ ತೆಗೆಯಿರಿ. ಕೋಣೆಯನ್ನು ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿಯೂ ಮುಟ್ಟಿ ನೋಡಿ. ‘ಖಾಲಿ ಇದೆ’ ಎಂದು ಮಾರುವವನು ಹೇಳಿದ್ದು ಲೆಕ್ಕಕ್ಕಿಲ್ಲ.

2. ಬೋಲ್ಟ್ ತೆಗೆಸಿ, ಕೋಣೆಯ ಹತ್ತಿರ ಬಿಳಿ ಕಾಗದ ಹಿಡಿದು ಮೂತಿಯಿಂದ ಒಳಗೆ ನೋಡಿ. ಸುರುಳಿ ಗೆರೆಗಳ ಅಂಚು ಚೂಪಾಗಿ ಕಾಣಬೇಕು. ಸಾಮಾನ್ಯವಾಗಿ ಐದು ಗೆರೆ, ಎಡಕ್ಕೆ ತಿರುಗಿದವು. ಯುದ್ಧಕಾಲದ ಸ್ಯಾವೇಜ್ ಮತ್ತು ಲಾಂಗ್ ಬ್ರಾಂಚ್ ರೈಫಲ್ಲುಗಳಲ್ಲಿ ಎರಡೇ ಗೆರೆಗಳಿರಬಹುದು, ಅದು ದೋಷವಲ್ಲ. ಒಳಗೆ ಸ್ವಲ್ಪ ಮಂಕಾಗಿದ್ದರೂ ಗೆರೆ ಗಟ್ಟಿಯಾಗಿದ್ದರೆ ಗುರಿ ಚೆನ್ನಾಗಿಯೇ ಬರುತ್ತದೆ. ಗೆರೆಗಳ ನಡುವೆ ಉಂಗುರದಂಥ ಕಪ್ಪು ನೆರಳು ಕಂಡರೆ ನಳಿಗೆ ಎಂದೋ ಉಬ್ಬಿದೆ ಎಂದರ್ಥ. ಅದನ್ನು ಬಿಡಿ.

3. ಡಮ್ಮಿ ತೋಟಾದ ಗುಂಡಿನ ತುದಿಯನ್ನು ಮೂತಿಗೆ ಇಳಿಸಿ ನೋಡಿ. ಗುಂಡಿನ ಸ್ವಲ್ಪ ಭಾಗ ಹೊರಗೆ ಉಳಿಯಬೇಕು. ಕೋಶದ ಬಾಯಿಯೇ ಮೂತಿಗೆ ತಾಗಿದರೆ ಮೂತಿ ಸವೆದಿದೆ. ಹಗ್ಗಕ್ಕೆ ತಂತಿ ಬಲೆ ಕಟ್ಟಿ ಸೈನಿಕರು ದಿನಾ ಎಳೆದು ಒರೆಸಿದ್ದರ ಪರಿಣಾಮವೂ ಅಲ್ಲೇ ಕಾಣುತ್ತದೆ.

4. ಮರದ ಗೆರೆಯ ಕೆಳಗೆ ಇಣುಕಿ. ಹೊರಗೆ ಕಪ್ಪಾಗಿ ಮಿರುಗುವ ನಳಿಗೆ ಮರದೊಳಗೆ ತುಕ್ಕಿನಿಂದ ಗುಳಿಬಿದ್ದಿರಬಹುದು. ಇಷಾಪುರದ ರೈಫಲ್ಲುಗಳಿಗೆ ನಂತರದ ದಿನಗಳಲ್ಲಿ ದಪ್ಪ ಕಪ್ಪು ಬಣ್ಣ ಬಳಿದಿದ್ದಾರೆ, ಅದು ಗುಳಿಗಳನ್ನು ಮುಚ್ಚುತ್ತದೆ. ಟಾರ್ಚ್ ಅಡ್ಡಡ್ಡ ಹಿಡಿದರೆ ಗುಳಿಯ ನೆರಳು ಕಾಣುತ್ತದೆ.

5. ಬೋಲ್ಟಿನ ಹಲ್ಲು, ಅದು ಕೂರುವ ಉಕ್ಕಿನ ತೋಡು, ಕ್ಲಿಪ್ ಇಡುವ ಸೇತುವೆ, ಈ ಮೂರನ್ನೂ ಬಿರುಕಿಗಾಗಿ ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ರೈಫಲ್ ಬೇಡ.

6. ಅನುಮತಿ ಪಡೆದು ಕುದುರೆ ಏರಿಸಿ, ಸೇಫ್ಟಿ ಹಾಕಿ, ಟ್ರಿಗರ್ ಎಳೆದು ಬಿಡಿ. ಈಗ ಸೇಫ್ಟಿ ತೆಗೆದಾಗ ಕುದುರೆ ತಾನಾಗಿ ಬೀಳಬಾರದು. ಟ್ರಿಗರ್ ಎರಡು ಹಂತದಲ್ಲಿ ಎಳೆಯುವಂಥದ್ದು. ಮೊದಲು ಸಡಿಲ, ಆಮೇಲೆ ಬಿಗಿ. ಒಂದೇ ಹಂತ ಬಂದರೆ ಯಾರೋ ಅರದಿಂದ ಉಜ್ಜಿದ್ದಾರೆ.

7. ಮುಂಭಾಗದ ಮರವನ್ನು ಉದ್ದಕ್ಕೂ ನೋಡಿ, ವಿಶೇಷವಾಗಿ ಮರವನ್ನು ಬಿಗಿದಿರುವ ಬಳೆಗಳ ಅಡಿ. ಮರವನ್ನು ಅಡ್ಡಲಾಗಿ ಕತ್ತರಿಸಿ ಬಳೆಯ ಕೆಳಗೆ ಮತ್ತೆ ಅಂಟಿಸಿದ ರೈಫಲ್ಲುಗಳಿವೆ. ಟ್ರಿಗರಿನ ಮೇಲ್ಭಾಗದಲ್ಲಿ ಮರ ಉಕ್ಕಿಗೆ ಒರಗುವ ಜಾಗ ನುಜ್ಜಾಗಿದ್ದರೆ ಗುರಿ ಎಂದೂ ಒಂದೆಡೆ ನಿಲ್ಲುವುದಿಲ್ಲ. ಇಷಾಪುರದವರು ಮರ ಸೀಳದಿರಲೆಂದು ಅಡ್ಡಲಾಗಿ ಒಂದು ಸ್ಕ್ರೂ ಹಾಕಿದ್ದಾರೆ. ಅದನ್ನು ಯಾರೋ ಮಾಡಿದ ತೇಪೆ ಎಂದುಕೊಳ್ಳಬೇಡಿ, ಅದು ಕಾರ್ಖಾನೆಯದೇ.

‘ಜಂಗಲ್ ಕಾರ್ಬೈನ್’ ಎಂಬ ಗಿಡ್ಡ ರೈಫಲ್ ನೋಡಿದರೆ ಇನ್ನೂ ಹುಷಾರು. ಅದರ ಅಧಿಕೃತ ಹೆಸರು ನಂ. 5. ನಿಜವಾದ ನಂ. 5ನ್ನು ಇಂಗ್ಲೆಂಡಿನ ಫಜಾಕರ್ಲಿ ಮತ್ತು ಬಿಎಸ್‌ಎ ಕಾರ್ಖಾನೆಗಳು ಮಾತ್ರ 1944ರಿಂದ 1947ರವರೆಗೆ ಮಾಡಿದವು. ತೂಕ ಇಳಿಸಲು ನಳಿಗೆಯ ಬುಡದಲ್ಲಿಯೇ ಉಕ್ಕು ಕೆತ್ತಿ ತೆಗೆದಿರುತ್ತಾರೆ. ಆ ಕೆತ್ತನೆ ಇಲ್ಲದೆ, ಮೂತಿಗೆ ಕೊಳವೆ ಮಾತ್ರ ಸಿಕ್ಕಿಸಿದ್ದರೆ ಅದು ಮಾಮೂಲಿ ರೈಫಲ್ಲನ್ನು ಕತ್ತರಿಸಿ ಮಾಡಿದ್ದು. ಇಷಾಪುರದ 2ಎ1ಗಳನ್ನೂ ಹೀಗೆ ಕತ್ತರಿಸಿ ಮಾರಿದ್ದಾರೆ. ಹಾರಿಸಲು ಅಡ್ಡಿಯಿಲ್ಲ, ಇತಿಹಾಸದ ಬೆಲೆ ಮಾತ್ರ ಕೊಡಬೇಡಿ.

ಮನೆಗೆ ತಂದ ಮೇಲೆ ಆಗುವ ತಪ್ಪುಗಳು

ಅತಿ ದೊಡ್ಡ ತಪ್ಪು ಹಿಂಬದಿಯ ಮರವನ್ನು ಮೊದಲು ಬಿಚ್ಚುವುದು. ಮಾರ್ಕ್ 3 ಮಾದರಿಯಲ್ಲಿ ಹಿಂಬದಿಯ ಮರ ಹಿಡಿದಿರುವ ಉದ್ದದ ಬೋಲ್ಟಿನ ತುದಿ ಚೌಕವಾಗಿದ್ದು, ಮುಂಭಾಗದ ಮರದ ಹಿಂತುದಿಯಲ್ಲಿರುವ ತಗಡಿನೊಳಗೆ ಕೂತಿರುತ್ತದೆ. ಮುಂಭಾಗದ ಮರ ತೆಗೆಯದೆ ಆ ಬೋಲ್ಟ್ ತಿರುಗಿಸಿದರೆ ಚೌಕ ತುದಿ ತಿರುಗಿ ಮರವನ್ನು ಒಳಗಿನಿಂದ ಸೀಳುತ್ತದೆ. ಶತಮಾನ ಉಳಿದ ಮರ ಒಂದು ಕ್ಷಣದಲ್ಲಿ ಹಾಳು. ಯಾವಾಗಲೂ ಮುಂಭಾಗದ ಮರ ಮೊದಲು, ಹಿಂಬದಿ ಆಮೇಲೆ.

ಎರಡನೆಯದು ಸ್ಯಾಂಡ್‌ಪೇಪರ್. ಮರದ ಮೇಲಿನ ಗೀರು, ಮುದ್ರೆ, ಸಂಖ್ಯೆಗಳೇ ಅದರ ದಾಖಲೆ. ಉಜ್ಜಿ ಹೊಳಪು ಕೊಟ್ಟರೆ ಬೆಲೆಯೂ ಹೋಗುತ್ತದೆ, ಮರ ಉಕ್ಕಿಗಿಂತ ತಗ್ಗಾಗಿ ಕೂರುತ್ತದೆ. ಶೇಖರಣೆಯ ಹಳೆ ಗ್ರೀಸನ್ನು ಮಿನರಲ್ ಸ್ಪಿರಿಟ್‌ನಲ್ಲಿ ಒರೆಸಿ ತೆಗೆದು, ಹಸಿ ಅಗಸೆ ಎಣ್ಣೆಯನ್ನು ಕೈಯಿಂದ ತೆಳ್ಳಗೆ ತಿಕ್ಕಿದರೆ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿ.

ಇನ್ನು ಬಿಡಿ ಬೋಲ್ಟ್ ಕೊಂಡು ಹಾಕಿಕೊಳ್ಳುವುದು. ನೋಡಲು ಸರಿಯಾಗಿ ಕೂತರೂ ಗೇಜ್ ಇಲ್ಲದೆ, ಹಲ್ಲುಗಳ ಒರಗು ನೋಡದೆ ಹಾರಿಸಬೇಡಿ.

ಮೊದಲ ಈಡು, ಮತ್ತು ತೊಳೆಯುವ ಕೆಲಸ

ನೀವು ಎಷ್ಟೇ ಚೆನ್ನಾಗಿ ನೋಡಿದ್ದರೂ ಮೊದಲ ಈಡಿಗೆ ಮುನ್ನ ರೈಫಲ್ಲನ್ನು ಅನುಭವಿ ಗನ್‌ಸ್ಮಿತ್‌ಗೆ ತೋರಿಸಿ. ಆ ಖರ್ಚನ್ನು ರೈಫಲ್ಲಿನ ಬೆಲೆಯಲ್ಲೇ ಸೇರಿಸಿಕೊಳ್ಳಿ. ರೇಂಜಿನಲ್ಲಿ ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇಲ್ಲದೆ ಕೂರಬೇಡಿ. ಹೊಸದಾಗಿ ತಯಾರಾದ ತೋಟಾದಿಂದಲೇ ಶುರು ಮಾಡಿ. ಮೊದಲ ಐದಾರು ಕೋಶಗಳ ಬುಡವನ್ನು ಒಂದೊಂದಾಗಿ ಪರೀಕ್ಷಿಸಿ. 7.62ರ ಇಷಾಪುರಕ್ಕೆ ಸೇನಾ ಮಟ್ಟದ 7.62 ತೋಟಾವನ್ನೇ ಕೊಡಿ, ಬೇಟೆಗೆಂದು ಮಾರುವ ಹೆಚ್ಚು ಒತ್ತಡದ .308 ಬೇಡ.

ಹಳೆಯ ಸೇನಾ ತೋಟಾ ಬಳಸುವವರಿಗೆ ಎರಡು ಎಚ್ಚರಿಕೆ. 1950-60ರ ದಶಕದ ಕೆಲವು .303 ತೋಟಾಗಳು ಟ್ರಿಗರ್ ಎಳೆದು ಒಂದು ಕ್ಷಣ ತಡವಾಗಿ ಹಾರುತ್ತವೆ. ‘ಟಿಕ್’ ಎಂದು ಸುಮ್ಮನಾದರೆ ಮೂತಿಯನ್ನು ಗುರಿಯ ಕಡೆಗೇ ಹಿಡಿದು ಪೂರ್ತಿ ಒಂದು ನಿಮಿಷ ಕಾಯಿರಿ, ಆಮೇಲೆ ಬೋಲ್ಟ್ ತೆರೆಯಿರಿ. ಸದ್ದು ಎಂದಿಗಿಂತ ಕ್ಷೀಣವಾಗಿ ಬಂದರೆ ಮುಂದಿನ ಈಡು ಹಾಕಬೇಡಿ. ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು.

ಇನ್ನೊಂದು, ಆ ಕಾಲದ ಕಿಡಿ ಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇತ್ತು. ಅದು ಉರಿದಾಗ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಒಂದು ಬಗೆಯ ಉಪ್ಪು. ಉಪ್ಪು ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಎಷ್ಟು ಎಣ್ಣೆ ಹಾಕಿ ಒರೆಸಿದರೂ ಮರುವಾರ ನಳಿಗೆ ಕೆಂಪಗಾಗಿರುತ್ತದೆ. ಬ್ರಿಟಿಷ್ ಸೇನೆ ಇದಕ್ಕೆ ಕಂಡುಕೊಂಡ ಉಪಾಯವೇ ಇಂದಿಗೂ ಸರಿ: ಬೋಲ್ಟ್ ತೆಗೆದು, ಕೋಣೆಯ ಕಡೆಯಿಂದ ಆಲಿಕೆ ಇಟ್ಟು ಕುದಿಯುವ ನೀರು ಹೊಯ್ಯುವುದು. ನೀರು ಉಪ್ಪನ್ನು ಕರಗಿಸುತ್ತದೆ, ಬಿಸಿಯಾದ ಉಕ್ಕು ತಾನೇ ಒಣಗುತ್ತದೆ. ಬೋಲ್ಟಿನ ತಲೆಯನ್ನೂ ತೊಳೆಯಿರಿ. ಒಣಗಿದ ಮೇಲೆ ಎಣ್ಣೆ. ಹಾರಿಸಿದ ದಿನವೇ ಇದನ್ನು ಮಾಡಬೇಕು.

ಮನೆಯಲ್ಲಿ ಮಕ್ಕಳಿರಲಿ ಬಿಡಲಿ, ರೈಫಲ್ಲಿಗೆ ಬೀಗದ ಪೆಟ್ಟಿಗೆ ಇರಲಿ, ತೋಟಾ ಬೇರೆ ಬೀಗದಲ್ಲಿರಲಿ.

ಊರಿನಲ್ಲಿ ಇರುವವರಿಗೆ

ಭಾರತದಲ್ಲಿ ತ್ರೀ ನಾಟ್ ತ್ರೀ ನಿಷೇಧಿತ ಬೋರ್. 1959ರ ಆಯುಧ ಕಾಯ್ದೆಯ ಪ್ರಕಾರ ಸಾಮಾನ್ಯ ಪರವಾನಗಿಯಲ್ಲಿ ಅದು ಸಿಗುವುದಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಆದರೆ ಆ ವಿನಾಯಿತಿ ನಿಷೇಧಿತ ಬೋರಿನ ರೈಫಲ್ಲಿಗೆ ಅನ್ವಯಿಸುತ್ತದೆ ಎಂದು ಭಾವಿಸಬೇಡಿ. ಅಮೆರಿಕದಲ್ಲಿ ಕೊಂಡದ್ದನ್ನು ಊರಿಗೆ ತರುವ ಯೋಚನೆಯನ್ನೂ ಬಿಡಿ. ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಕೋವಿ ಸಿಕ್ಕರೆ, ಅದು ಯಾವ ಬಗೆಯದಾದರೂ ಸರಿ, ಪರವಾನಗಿದಾರರು ತೀರಿಕೊಂಡ ಮೇಲೆ ಅದನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಡೀಲರ್ ಬಳಿ ಠೇವಣಿ ಇಟ್ಟು, ವಾರಸುದಾರರ ಹೆಸರಿಗೆ ಅರ್ಜಿ ಹಾಕುವ ದಾರಿ ಇದೆ.

ಕೊಳ್ಳುವವರಿಗೆ ಕೊನೆಯದಾಗಿ ಒಂದು ಮಾತು. ಬೋಲ್ಟ್ ತೆಗೆದು ತೋರಿಸಲು, ಗೇಜ್ ಹಾಕಿ ನೋಡಲು ಮಾರುವವರು ಒಪ್ಪದಿದ್ದರೆ ಚೌಕಾಸಿಗೆ ಇಳಿಯದೆ ಮುಂದಿನ ಮೇಜಿಗೆ ಹೋಗಿ. ಲೀ-ಎನ್‌ಫೀಲ್ಡ್ ರೈಫಲ್ಲುಗಳು ಕೋಟಿಗೂ ಮಿಕ್ಕಿ ತಯಾರಾಗಿವೆ. ಒಳ್ಳೆಯದು ಇನ್ನೊಂದು ಸಿಕ್ಕೇ ಸಿಗುತ್ತದೆ.